ಪುಟ್ಟಕ್ಕ ನಡೆಯಲಿಲ್ಲವಂತೆ

ಪುಟ್ಟಕ್ಕ ನಡೆಯಲಿಲ್ಲವಂತೆ! ಹಾಗಂತ ಮೈಕಿನಲ್ಲಿ ಹೇಳಿದರು. ನಮ್ಮೂರ ಶಾಲೆಯ ಮುಂದೆ ಶಾಮಿಯಾನ ಹಾಕಿಸಿ, ಮೇಲಿನ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಹೇಳಿದರು. ಅವತ್ತು ನನ್ನ ಹೊಟ್ಟೆಯಲ್ಲಿ ಬಿದ್ದ ಬೆಂಕಿ ಇನ್ನೂ ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಾನು ಸುಚಿತ್ರಾ, ಜವನಗೊಂಡನಹಳ್ಳಿ ಹೋಬಳಿಯ ಈ ಊರಿನ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರನ್ನು ವಿಚಾರಿಸುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಬಿಪಿ ಶುಗರ್ ಇರುವವರಿಗೆ ಮಾತ್ರೆ ಮುಟ್ಟಿಸುವುದು ನನ್ನ ಕೆಲಸ. ಬಾಯಿ ಜೋರು ಅಂತ ಊರಲ್ಲಿ ನನಗೆ ಹೆಸರಿದೆ. ಇರಲಿ ಬಿಡಿ. ಪುಟ್ಟಕ್ಕನ ಕಥೆಯನ್ನು ಮೆಲ್ಲಗೆ ಹೇಳಲು ನನ್ನಿಂದ ಆಗುವುದಿಲ್ಲ.

ಪುಟ್ಟಕ್ಕ ಹೊಳಲ್ಕೆರೆ ಕಡೆಯ ಹೆಣ್ಣುಮಗಳು. ನಮ್ಮೂರ ಓಬಯ್ಯನನ್ನು ಮದುವೆಯಾಗಿ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ನಾನು ಕಂಡದ್ದು ನಡೆಯುವ ಪುಟ್ಟಕ್ಕನನ್ನೇ. ಶೇಂಗಾ ಹೊಲ, ಈರುಳ್ಳಿ ಹೊಲ, ಸೂರ್ಯಕಾಂತಿ ಹೊಲ, ಯಾರು ಕರೆದರೆ ಅವರಲ್ಲಿಗೆ ಕಳೆ ತೆಗೆಯಲು ಹೋಗುವಳು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟಳೆಂದರೆ ಹಿಂದಿನ ಹೆಂಗಸರು ಏದುಸಿರು ಬಿಡುತ್ತಾ ಕೂಗಬೇಕು: "ಏ, ತಡಿಯೇ ಪುಟ್ಟಕ್ಕ! ಹೊಲಾನ ಯಾರಾರ ಹೊತ್ಕಂಡ್ ಹೋಗ್ತಾರಾ?" ಅವಳು ತಿರುಗಿಯೂ ನೋಡುತ್ತಿರಲಿಲ್ಲ. "ನೀವ್ ಮಾತಾಡ್ಕಂಡ್ ಬರ್ರಿ, ನಾನ್ ಒಂದ್ ಸಾಲು ಮುಗಿಸಿರ್ತೀನಿ" ಅನ್ನುವಳು. ಮುಗಿಸಿಯೂ ಇರುತ್ತಿದ್ದಳು.

ಮಗ ನಿರಂಜನ ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಓಬಯ್ಯ ಜ್ವರ ಬಂದು ತೀರಿಕೊಂಡ. ತಿಥಿ ಮುಗಿದ ಮಾರನೇ ದಿನವೇ ಪುಟ್ಟಕ್ಕ ಕುಡುಗೋಲು ಹಿಡಿದು ಹೊಲಕ್ಕೆ ಹೋದಳು. ಆಗ ಯಾರೂ ಗಂಡ ಸತ್ತವಳು ಎದುರು ಬಂದಳು ಅನ್ನಲಿಲ್ಲ. ಕಳೆ ಎದ್ದಿತ್ತು, ಆಳು ಬೇಕಿತ್ತು. ಅದೇ ಕೂಲಿಯಲ್ಲಿ ಅವಳು ಮಗನನ್ನು ಹಿರಿಯೂರಿನ ಕಾಲೇಜಿಗೆ ಕಳಿಸಿದಳು, ಚಿತ್ರದುರ್ಗದಲ್ಲಿ ಕೋಚಿಂಗ್ ಕೊಡಿಸಿದಳು. ಅವನೂ ಕಷ್ಟಪಟ್ಟು ಓದಿದ, ಇಲ್ಲವೆನ್ನಲಾರೆ. ಹಿರಿಯೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ. ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿ, ನೆಲಕ್ಕೆ ಟೈಲ್ಸ್ ಹಾಕಿಸಿ, ಪ್ರೀತಿ ಅನ್ನುವ ಒಳ್ಳೆಯ ಹುಡುಗಿಯನ್ನು ಮದುವೆಯಾದ.

ಅಲ್ಲಿಂದ ಶುರುವಾಯಿತು ನೋಡಿ ಮರ್ಯಾದೆ. "ಅವ್ವ, ಇನ್ನ ನೀನು ಕೂಲಿಗ್ ಹೋಗಬ್ಯಾಡ. ಆಫೀಸ್ನಾಗೆ ನನ್ ಮುಖಕ್ ಏನಂತಾರೆ?" ಅಂದ ನಿರಂಜನ. ಪುಟ್ಟಕ್ಕ ಹೋಗಲಿಲ್ಲ. ಮಗ ಕೂರಿಸಿ ಅನ್ನ ಹಾಕುತ್ತಾನೆ ಅಂತ ಹೇಳಿಕೊಂಡು ಸಂತೋಷವನ್ನೇ ಪಟ್ಟಳು ಪಾಪ. ಮನೆಯಲ್ಲಿ ಮುದ್ದೆ ನಿಂತಿತು. ಮುದ್ದೆ ಕೂಲಿಯವರ ಊಟವಂತೆ, ಗುಮಾಸ್ತನ ಮನೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನ. ಹುಟ್ಟಿದಾಗಿನಿಂದ ಕೂತು ಗೊತ್ತಿಲ್ಲದ ಮೈ, ಟಿವಿ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿತು. ಊರ ಹೆಂಗಸರು "ಪುಣ್ಯ ಮಾಡಿದ್ದೆ ಕಣಕ್ಕ, ಕೈಕಾಲು ಅಲ್ಲಾಡಿಸಂಗಿಲ್ಲ" ಅಂತ ಹೊಟ್ಟೆಕಿಚ್ಚು ಪಡುತ್ತಿದ್ದರು.

ನಾನು ಮನೆಮನೆಗೆ ಹೋಗಿ ಶುಗರ್ ನೋಡುವಾಗ ಪುಟ್ಟಕ್ಕನ ಬೆರಳಿಗೂ ಚುಚ್ಚಿದೆ. ಮಿಷನ್ ತೋರಿಸಿದ ನಂಬರ್ ಮಿತಿ ಮೀರಿತ್ತು. ಅವಳಿಗೂ ಗೊತ್ತಾಯಿತು. ಹೊಸದುರ್ಗಕ್ಕೆ ಕೊಟ್ಟಿದ್ದ ಅವಳ ಅಕ್ಕ ಇದೇ ಸಕ್ಕರೆ ಕಾಯಿಲೆಗೆ ಮೊಣಕಾಲಿನ ತನಕ ಕಾಲು ತೆಗೆಸಿಕೊಂಡು, ಮೂಲೆ ಹಿಡಿದು, ಎಲ್ಲದಕ್ಕೂ ಸೊಸೆಯನ್ನು ಕೂಗಿ ಕೂಗಿ ಸತ್ತಿದ್ದಳು. ಪುಟ್ಟಕ್ಕ ನನ್ನ ಕೈ ಹಿಡಿದುಕೊಂಡಳು. "ಸುಚಿತ್ರಾ, ಸಾಯಾಕ್ ನಂಗೇನ್ ಹೆದ್ರಿಕೆ ಇಲ್ಲ ಕಣವ್ವ. ಕಾಲ್ ಮಾತ್ರ ಹೋಗಬಾರ್ದು. ನಮ್ಮಕ್ಕನಂಗೆ ಮೂಲೇಲಿ ಬಿದ್ಕಳಕ್ ಆಗಲ್ಲ ನನ್ ಕೈಲಿ."

ಹಿರಿಯೂರಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಅವಳ ಪಾದವನ್ನು ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟಿ "ಗೊತ್ತಾಗ್ತೈತಾ?" ಅಂತ ಕೇಳಿದರು. ಕೆಲವು ಕಡೆ ಗೊತ್ತಾಯಿತು, ಕೆಲವು ಕಡೆ ಇಲ್ಲ. "ಪಾದ ಜೋಮು ಹಿಡೀತಾ ಐತೆ. ಹಿಂಗೇ ಬಿಟ್ರೆ ಮುಂದೆ ಗಾಯ ಆದ್ರೂ ಗೊತ್ತಾಗಲ್ಲ. ಮಾತ್ರೆ ತಗಳ್ರಿ, ಅನ್ನ ಕಡಿಮೆ ಮಾಡ್ರಿ, ಚಪ್ಪಲಿ ಹಾಕ್ಕಂಡು ದಿನಾ ನಡೀರಿ. ನಡಿಯೋದ್ ಬಿಡಬ್ಯಾಡ್ರಿ" ಅಂದರು. ಪುಟ್ಟಕ್ಕ ಬಸ್ಸಿನಲ್ಲಿ ಬರುವಾಗ ನಕ್ಕಳು. "ನಡಿ ಅಂತಾರಲ್ಲೇ ನಂಗೆ! ಅದೊಂದ್ ಬಿಟ್ರೆ ನಂಗೇನ್ ಬರ್ತೈತೆ?" ಅಂದಳು. ಇಬ್ಬರಿಗೂ ಧೈರ್ಯ ಬಂತು.

ಅದೇ ಸಮಯಕ್ಕೆ ಸರ್ಕಾರದವರು ಆರೋಗ್ಯವಂತ ಕುಟುಂಬ ಅಂತ ಅಭಿಯಾನ ಶುರು ಮಾಡಿದರು. ಮೇಲೆ ಹಾರ್ನ್ ಕಟ್ಟಿಕೊಂಡ ಗಾಡಿಯೊಂದು ಊರೂರು ಸುತ್ತಿತು. ಎಣ್ಣೆ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ಸಿರಿಧಾನ್ಯ ತಿನ್ನಿ, ಮನೆಮಂದಿಯೆಲ್ಲ ದಿನಾ ನಡೆಯಿರಿ. ನವಣೆ ಸಾಮೆ ತಿಂದೇ ಬೆಳೆದವರಿಗೆ ಬಂದು ನವಣೆ ತಿನ್ನಿ ಅಂತ ಕಲಿಸಿ ಹೋದರು. ಹೋಗಲಿ, ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೂ ಒಂದು ಕಟ್ಟು ಪಾಂಪ್ಲೆಟ್ ಕೊಟ್ಟರು. ಮೇಲೊಂದು ಚಿತ್ರ: ಅಪ್ಪ, ಅಮ್ಮ, ಅಜ್ಜಿ, ಮೊಮ್ಮಗು ಕೈ ಕೈ ಹಿಡಿದು ಪಾರ್ಕಿನಲ್ಲಿ ನಡೆಯುತ್ತಿದ್ದಾರೆ. ನಮ್ಮೂರಲ್ಲಿ ಪಾರ್ಕೂ ಇಲ್ಲ, ಹಾಗೆ ಕೈ ಹಿಡಿದು ನಡೆಯುವ ಗಂಡಸೂ ಇಲ್ಲ.

ಪುಟ್ಟಕ್ಕ ಬೆಳಗಾಗುತ್ತಲೇ ಕೈಬೀಸಿಕೊಂಡು ನಡೆಯಲು ಹೊರಟಳು. ಮನೆಯಿಂದ ಅರಳಿಕಟ್ಟೆ, ಅಲ್ಲಿಂದ ಶಾಲೆ, ಅಲ್ಲಿಂದ ಹೈವೇ ಪಕ್ಕದ ದಾರಿ. ನೀವು ಹಳ್ಳಿಯಲ್ಲಿ ಬದುಕಿದವರಾದರೆ ನಿಮಗೆ ಗೊತ್ತಿರುತ್ತದೆ. ಹೆಂಗಸು ಮನೆಯಿಂದ ಹೊರಗೆ ಕಾಲಿಟ್ಟರೆ ಅವಳ ಕೈಯಲ್ಲಿ ಏನಾದರೂ ಇರಬೇಕು. ಕುಡುಗೋಲು, ಬುತ್ತಿ, ಸೌದೆ ಹೊರೆ, ಮಗು, ಏನೋ ಒಂದು. ಬರೀ ಕೈಯಲ್ಲಿ ನಡೆದರೆ ಊರಿಗೆ ಅದು ಅರ್ಥವೇ ಆಗುವುದಿಲ್ಲ. ಕಟ್ಟೆಯ ಮೇಲಿನ ಗಂಡಸರು ಒಬ್ಬೊಬ್ಬರಾಗಿ ಕೇಳಿದರು. "ಏನ್ ಪುಟ್ಟಕ್ಕ, ಎಲ್ಲಿಗ್ ಹೊಂಟೆ?" ಅವಳು "ಸುಮ್ನೆ" ಅಂದಳು. ಸುಮ್ಮನೆ ಅಂದರೆ ಎಲ್ಲಿಗೆ? ಸಂಜೆಯ ಹೊತ್ತಿಗೆ ಸೊಸೆಗೂ ಅತ್ತೆಗೂ ಜಗಳವಂತೆ ಅಂತ ಸುದ್ದಿ. ಮಾರನೇ ದಿನ ಪುಟ್ಟಕ್ಕನಿಗೆ ತಲೆ ಸರಿ ಇಲ್ಲವಂತೆ ಅಂತ ಸುದ್ದಿ. ಪ್ರೀತಿ ನನ್ನ ಮುಂದೆ ಅತ್ತೇಬಿಟ್ಟಳು. "ಅಕ್ಕಾ, ನಾನು ಅತ್ತೇನ ಹೊರಗ್ ಹಾಕಿದೀನಿ ಅಂತಾವ್ರೆ. ನಾನೇನ್ ಮಾಡ್ಲಿ?"

ಅದೇ ಕಟ್ಟೆಯ ಮುಂದೆ ಮಾರಣ್ಣ ದಿನಾ ವಾಕಿಂಗ್ ಹೋಗುತ್ತಾನೆ. ಮಾರಣ್ಣ ನಮ್ಮ ಪಂಚಾಯ್ತಿ ಮೆಂಬರು. ಬಿಳಿ ಶೂ, ಕತ್ತಿಗೆ ಟವೆಲ್ಲು, ಕೈಯಲ್ಲಿ ಮೊಬೈಲು. ಅವನನ್ನು ಎಲ್ಲಿಗೆ ಅಂತ ಒಂದು ನರಪಿಳ್ಳೆ ಕೇಳುವುದಿಲ್ಲ. ಗಂಡಸು ನಡೆದರೆ ವಾಕಿಂಗ್, ಹೆಂಗಸು ನಡೆದರೆ ಬೀದಿ ಸುತ್ತುವುದು. ಥೂ!

ಪುಟ್ಟಕ್ಕ ಆ ಮಾತುಗಳಿಗೆ ಬೇಸತ್ತು ಒಂದು ಉಪಾಯ ಕಂಡುಕೊಂಡಳು. ಅಟ್ಟದ ಮೇಲಿದ್ದ ಹಿತ್ತಾಳೆ ಬಿಂದಿಗೆ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಸೊಂಟದ ಮೇಲಿಟ್ಟುಕೊಂಡು ಹೊರಟಳು. ಮನೆಮನೆಗೆ ನಲ್ಲಿ ಬಂದ ಮೇಲೆ ಊರಲ್ಲಿ ಯಾರೂ ಬಿಂದಿಗೆ ಹೊರುವುದಿಲ್ಲ. ಆದರೂ ಊರಾಚೆ ಫಿಲ್ಟರ್ ನೀರಿನ ಘಟಕ ಇದೆಯಲ್ಲ, ಕೇಳಿದವರಿಗೆ "ನೀರಿಗೆ" ಅಂದರಾಯಿತು. ಘಟಕ ದಾಟಿ ಹೈವೇ ಪಕ್ಕ ಮನಸಾರೆ ನಡೆದು, ವಾಪಸು ಬರುವಾಗ ನೀರು ತುಂಬಿಸಿಕೊಂಡು ಬರುವಳು. ಕೇಳುವವರ ಬಾಯಿ ಮುಚ್ಚಿತು. ಕೆಲವು ವಾರ ಚೆನ್ನಾಗಿಯೇ ನಡೆಯಿತು. ನಾನು ಬೆರಳು ಚುಚ್ಚಿ ನೋಡಿದರೆ ಶುಗರ್ ಇಳಿದಿತ್ತು. ಪುಟ್ಟಕ್ಕನ ಮುಖದಲ್ಲಿ ಹಳೇ ಕಳೆ ಬಂದಿತ್ತು. "ಬೆಳಗ್ಗೆ ಗಾಳಿ ಕುಡುದ್ರೆ ಹೊಟ್ಟೆ ತುಂಬ್ತೈತೆ ಕಣೇ" ಅನ್ನುವಳು.

ಆಗ ಮಾರಣ್ಣನ ಸವಾರಿ ಅಡ್ಡ ಬಂತು. ಮಗನಿಗೆ ಹೆಣ್ಣು ನೋಡಲು ಹೊಸದುರ್ಗಕ್ಕೆ ಹೊರಟಿದ್ದರು. ಕಾರಿಗೆ ನಿಂಬೆಹಣ್ಣು ಇಟ್ಟು, ಊದಿನಕಡ್ಡಿ ಬೆಳಗಿ, ಹೆಂಡತಿ ಜಯಕ್ಕನನ್ನು ಹಿಂದೆ ಕೂರಿಸಿಕೊಂಡು ತಿರುವಿನಲ್ಲಿ ಬಂದರೆ ಎದುರಿಗೆ ಪುಟ್ಟಕ್ಕ. ಗಂಡ ಸತ್ತ ಹೆಂಗಸು, ಸೊಂಟದ ಮೇಲೆ ಖಾಲಿ ಬಿಂದಿಗೆ! ಖಾಲಿ ಕೊಡ ಎದುರು ಬಂದರೆ ಹೋದ ಕೆಲಸ ಆಗುವುದಿಲ್ಲ ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಪುಟ್ಟಕ್ಕನಿಗೂ ಗೊತ್ತಿತ್ತು. ಊರವರ ಬಾಯಿಗೆ ಹೆದರಿ ಬಿಂದಿಗೆ ಹಿಡಿದವಳಿಗೆ ಆ ಯೋಚನೆ ಬರಲೇ ಇಲ್ಲ. ನೀರಿಗೆ ಹೋಗುವವಳು ಖಾಲಿ ಬಿಂದಿಗೆಯಲ್ಲದೆ ತುಂಬಿದ್ದನ್ನು ಹಿಡಿದು ಹೋಗುತ್ತಾಳೆಯೇ ಅಂತ ಕೇಳುವ ಬುದ್ಧಿ ಯಾರಿಗಾದರೂ ಇತ್ತೇ? ಮಾರಣ್ಣ ಕಾರು ತಿರುಗಿಸಿ ಮನೆಗೆ ಹೋಗಿ, ನೀರು ಕುಡಿದು, ಕೂತೆದ್ದು ಮತ್ತೆ ಹೊರಟ. ಹೆಣ್ಣಿನ ಮನೆಯವರು ಒಲ್ಲೆವೆಂದರು. ಹುಡುಗಿ ಡಿಗ್ರಿ ಮುಗಿಸಿ ಕೆಲಸದಲ್ಲಿದ್ದಾಳೆ. ಇವನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಬಿದ್ದವನು ಎದ್ದೇ ಇಲ್ಲ. ಆದರೂ ತಪ್ಪು ಪುಟ್ಟಕ್ಕನ ಬಿಂದಿಗೆಯದು!

ಅವತ್ತು ಸಂಜೆ ಮಾರಣ್ಣ ನಿರಂಜನನ ಮನೆ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಕೂಗಾಡಿದ. "ಲೇ ನಿರಂಜನ! ನಿಮ್ಮವ್ವಂಗೆ ಹೇಳೋರು ಕೇಳೋರು ಇಲ್ವೇನಲೇ? ಮನೇಲಿ ನಲ್ಲಿ ಐತೆ, ಬೇಕಂತ್ಲೇ ಖಾಲಿ ಕೊಡ ಹಿಡ್ಕಂಡು ಬೀದಿ ಸುತ್ತುತಾಳೆ. ಇನ್ನೊಂದ್ ಕಿತ ನನ್ನ ಎದುರಿಗ್ ಬಂದ್ರೆ ಸುಮ್ಕಿರಲ್ಲ ನೋಡು." ಬೀದಿಯವರೆಲ್ಲ ನಿಂತು ನೋಡಿದರು. ನಿರಂಜನ ಏನನ್ನಬೇಕಿತ್ತು? ನಮ್ಮವ್ವ ಡಾಕ್ಟರು ಹೇಳಿದ್ದಕ್ಕೆ ನಡೆಯುತ್ತಾಳೆ, ನೀನ್ಯಾವನಯ್ಯಾ ಕೇಳುವವನು ಅನ್ನಬೇಕಿತ್ತು. ಅವನು ಕೈ ಮುಗಿದ. "ತಪ್ಪಾಯ್ತು ಮಾರಣ್ಣ, ಇನ್ನ ಅವ್ವನ್ನ ಹೊರಗ್ ಬಿಡಲ್ಲ" ಅಂದ. ಅವ್ವನ ಕಡೆ ತಿರುಗಿ "ಅವ್ವ, ಇನ್ನ ನೀನು ಬೀದಿಗ್ ಇಳೀಬ್ಯಾಡ. ನನ್ ಮರ್ಯಾದೆ ಕಳಿಬ್ಯಾಡ" ಅಂದ. ಪುಟ್ಟಕ್ಕ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಬಿಂದಿಗೆ ಮತ್ತೆ ಅಟ್ಟ ಸೇರಿತು.

ನಾನು ಬಿಡುತ್ತೇನಾ? ಮಾರನೇ ದಿನವೇ ನಿರಂಜನ ಬೈಕ್ ಹತ್ತುವ ಹೊತ್ತಿಗೆ ಹೋಗಿ ಅಡ್ಡ ನಿಂತೆ. "ಏನಪ್ಪ ನಿರಂಜನ, ನಿಮ್ಮವ್ವಂಗೆ ಡಾಕ್ಟ್ರು ಏನ್ ಹೇಳವ್ರೆ ಗೊತ್ತೈತಾ? ನಡೀಲಿಲ್ಲ ಅಂದ್ರೆ ಕಾಲು ಹೋಗ್ತೈತೆ. ನಿಂಗೆ ಮಾರಣ್ಣ ಮುಖ್ಯನಾ, ಅವ್ವನ ಕಾಲು ಮುಖ್ಯನಾ?"

"ಮನೇಲೇ ನಡೀಲಿ ಅಕ್ಕ. ಹಾಲ್ ದೊಡ್ಡದೈತೆ. ಟೈಲ್ಸ್ ಹಾಕ್ಸಿದೀನಿ" ಅಂದ.

ಟೈಲ್ಸ್ ಅಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಹೊಲಗಳ ಉದ್ದ ಅಳೆದ ಕಾಲಿಗೆ ಟಿವಿಯಿಂದ ದೇವರಮನೆಯ ತನಕ ನಡಿ ಅನ್ನುತ್ತಾನೆ. ಪುಟ್ಟಕ್ಕ ಅದನ್ನೂ ಮಾಡಿ ನೋಡಿದಳು. ಕುರ್ಚಿ ಸುತ್ತಿ, ಸೋಫಾ ಸುತ್ತಿ ತಲೆ ತಿರುಗಿ ಕೂತುಬಿಡುವಳು. ಆಮೇಲೆ ಅದೂ ನಿಂತಿತು. ನಾನು ಹೋದಾಗೆಲ್ಲ ಶುಗರ್ ಏರುತ್ತಿತ್ತು. ಡಾಕ್ಟರು ಮಾತ್ರೆ ಹೆಚ್ಚು ಮಾಡಿದರು, ಆದರೂ ಇಳಿಯಲಿಲ್ಲ. ನಡಿ, ನಾನು ಜೊತೆಗೆ ಬರುತ್ತೇನೆ, ಯಾವನು ಏನಂತಾನೋ ನೋಡೋಣ ಅಂತ ಎಷ್ಟು ಸಲ ಕರೆದೆನೋ. "ಬ್ಯಾಡ ಕಣವ್ವ. ಮಗ ಒಂದ್ ಮಾತ್ ಕೊಟ್ಟವ್ನೆ. ಅವ್ನ ತಲೆ ತಗ್ಗಿಸ್ಬಾರ್ದು" ಅನ್ನುವಳು. ಅವಳ ಮೇಲೂ ನನಗೆ ಕೋಪ ಬರುತ್ತಿತ್ತು. ಇಷ್ಟು ಒಳ್ಳೆಯವಳಾಗಿ ಯಾರನ್ನು ಉದ್ಧಾರ ಮಾಡುತ್ತೀಯೇ ಅಂತ ಬೈದುಬಿಟ್ಟೆ ಒಂದು ದಿನ.

ಒಂದು ಬೆಳಿಗ್ಗೆ ಪುಟ್ಟಕ್ಕ ಬಚ್ಚಲಮನೆಯಲ್ಲಿ ಹಂಡೆ ಒಲೆಗೆ ಸೌದೆ ಒಡ್ಡುತ್ತಿದ್ದಳು. ಅಡುಗೆಮನೆಯಲ್ಲಿದ್ದ ಪ್ರೀತಿಗೆ ಏನೋ ಸುಟ್ಟ ವಾಸನೆ ಬಂತು. ಹಾಲು ಉಕ್ಕಿಲ್ಲ, ಬಟ್ಟೆಗೆ ಕಿಡಿ ತಾಕಿಲ್ಲ. ಹುಡುಕಿಕೊಂಡು ಬಚ್ಚಲಿಗೆ ಬಂದರೆ ಪುಟ್ಟಕ್ಕ ಒಲೆಯಿಂದ ಉರುಳಿದ ಕೆಂಡದ ಮೇಲೆ ಬಲಗಾಲಿಟ್ಟು ನಿಂತಿದ್ದಾಳೆ. "ಅತ್ತೆ! ಕಾಲು! ಕಾಲು!" ಅಂತ ಪ್ರೀತಿ ಕಿರುಚಿ ಎಳೆದಾಗಲೇ ಅವಳು ಬಗ್ಗಿ ನೋಡಿದ್ದು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಆಸ್ಪತ್ರೆಗೆ ಹೋಗೋಣ ಅಂದರೆ ಪುಟ್ಟಕ್ಕ ಒಪ್ಪಲಿಲ್ಲವಂತೆ. ಆಸ್ಪತ್ರೆ ಅಂದರೆ ಅವಳಿಗೆ ಅಕ್ಕನ ಕಾಲು ಕಣ್ಣಮುಂದೆ ಬರುತ್ತಿತ್ತು. ನೋವಿಲ್ಲವಲ್ಲ, ವಾಸಿಯಾಗುತ್ತದೆ ಅಂತ ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡಳು. ನಿರಂಜನ ಮೆಡಿಕಲ್ ಶಾಪಿನಿಂದ ಮುಲಾಮು ತಂದುಕೊಟ್ಟು ಆಫೀಸಿಗೆ ಹೋದ. ನಾನು ತರಬೇತಿಗೆ ಹೋಗಿದ್ದವಳು ಕೆಲವು ದಿನ ಬಿಟ್ಟು ಊರಿಗೆ ಬಂದು ಅವರ ಮನೆ ಹೊಸ್ತಿಲು ದಾಟುತ್ತಲೇ ಕೊಳೆತ ವಾಸನೆ ನನ್ನ ಮೂಗಿಗೆ ಬಡಿಯಿತು. ಬಟ್ಟೆ ಬಿಚ್ಚಿದರೆ ಎರಡು ಬೆರಳು ಕಪ್ಪಗಾಗಿವೆ. ನಾನು ಏನೇನು ಕೂಗಾಡಿದೆನೋ ನನಗೇ ನೆನಪಿಲ್ಲ. ಆಂಬುಲೆನ್ಸ್ ಕರೆಸಿ ದುರ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರು ಎರಡು ಬೆರಳು ತೆಗೆದು ಪಾದ ಉಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಮೊಣಕಾಲಿನ ತನಕ ಹೋಗುತ್ತಿತ್ತು ಅಂದರು. ಗಾಯ ಮಾಗಿದ ಮೇಲೆ ಮೆತ್ತನೆ ಚಪ್ಪಲಿ ಕೊಟ್ಟು, ದಿನಾ ನಿಧಾನಕ್ಕೆ ನಡೆಯಲೇಬೇಕು, ಇಲ್ಲದಿದ್ದರೆ ಉಳಿದದ್ದೂ ಉಳಿಯುವುದಿಲ್ಲ ಅಂತ ನಿರಂಜನನ ಮುಂದೆಯೇ ಹೇಳಿ ಕಳಿಸಿದರು. ಅವನು ತಲೆ ಆಡಿಸಿದ. ಊರಿಗೆ ಬಂದ ಮೇಲೆ ಅವ್ವನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದ. ಈಗ ಕುಂಟುತ್ತಾ ಬೀದಿಯಲ್ಲಿ ಹೋದರೆ ಜನ ಇನ್ನೂ ಏನೇನು ಆಡಿಕೊಳ್ಳುತ್ತಾರೋ ಅಂತ ಅವನ ಹೆದರಿಕೆ.

ಇಷ್ಟರಲ್ಲಿ ಅಭಿಯಾನದ ಸಮಾರೋಪ ನಮ್ಮೂರಿನಲ್ಲೇ ಅಂತ ಗೊತ್ತಾಯಿತು. ಮುಂದಾಳು ಯಾರು? ಮಾರಣ್ಣ! ಶಾಲೆಯಿಂದ ಕಟ್ಟೆಯವರೆಗೆ ನಡಿಗೆ ಜಾಥಾ. ನಾಲ್ಕು ಹೆಜ್ಜೆ ದೂರ ಅದು. ಎಲ್ಲರಿಗೂ ಟೋಪಿ, ಟೀ ಶರ್ಟು. ಫ್ಲೆಕ್ಸಿನಲ್ಲಿ ಕೈಮುಗಿದುಕೊಂಡ ಮಾರಣ್ಣ, ಕೆಳಗೆ ನಡಿಗೆಯೇ ಆರೋಗ್ಯ ಅಂತ ದಪ್ಪ ಅಕ್ಷರ. ಸಕ್ಕರೆ ಕಾಯಿಲೆಯ ಜಾಗೃತಿಗೆ ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು. ಜಯಕ್ಕ ಮತ್ತು ನಾಲ್ಕಾರು ಹೆಂಗಸರು ಬೆಳಗಿನಿಂದ ಒಲೆ ಮುಂದೆ ಬೆವರು ಸುರಿಸುತ್ತಾ ಅದನ್ನು ಕೆದಕುತ್ತಿದ್ದರು. ಜಾಥಾದಲ್ಲಿ ನಡೆದವರೆಲ್ಲ ಗಂಡಸರು ಮತ್ತು ಸ್ಕೂಲ್ ಮಕ್ಕಳು.

ಮಾರಣ್ಣನಿಗೆ ಇನ್ನೊಂದು ಯೋಚನೆ ಹೊಳೆದಿತ್ತು. ಹಿಂದಿನ ದಿನ ನನ್ನನ್ನು ಕರೆದು "ಸುಚಿತ್ರಾ, ಪುಟ್ಟಕ್ಕನ್ನ ಸ್ಟೇಜ್ ಮ್ಯಾಲೆ ಕೂರ್ಸಾಣ. ನಡೀದಿದ್ರೆ ಏನಾಗ್ತೈತೆ ಅಂತ ಜನ ಕಣ್ಣಾರೆ ನೋಡ್ಲಿ. ಸಾಹೇಬ್ರಿಗೂ ಖುಷಿ ಆಗ್ತೈತೆ" ಅಂದ.

ನಾನು ಅಲ್ಲೇ ಉಗಿದೆ. "ನಿಮ್ಗೆ ಒಂಚೂರಾದ್ರೂ ನಾಚ್ಕೆ ಐತಾ ಮಾರಣ್ಣ? ಅವ್ಳು ನಡೀತಿದ್ಲು. ನಿಲ್ಸಿದ್ದ್ಯಾರು?"

ಅವನು ನನ್ನ ಜೊತೆ ಮಾತು ಬೆಳೆಸದೆ ನೇರ ನಿರಂಜನನ ಹತ್ತಿರ ಹೋದ. ಮೇಲಿನ ಸಾಹೇಬರು ಬರುತ್ತಾರೆ ಅಂದದ್ದೇ ತಡ, ಆ ಗುಮಾಸ್ತ ಆಗಲಿ ಅಂದುಬಿಟ್ಟ. ನಾನು ಓಡಿಹೋಗಿ ಪುಟ್ಟಕ್ಕನಿಗೆ ಹೇಳಿದೆ. "ಹೋಗಬ್ಯಾಡ. ನಿನ್ ಕಾಲು ತೋರ್ಸಿ ಹೆಸ್ರು ಮಾಡ್ಕಂತಾರೆ." ಅವಳು ಕುರ್ಚಿಯಲ್ಲಿ ಕೂತು ಪಾದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. "ಕರ್ದವ್ರೆ, ಬರ್ತೀನಿ ಬಿಡು" ಅಂದಳು. ನನಗೆ ಅಳು ಬಂದುಬಿಟ್ಟಿತು.

ಅವತ್ತು ಅವಳನ್ನು ಕರೆತರಲು ಮಾರಣ್ಣ ತನ್ನ ಕಾರನ್ನೇ ಕಳಿಸಿದ. ಕೂಗಿದರೆ ಕೇಳುವಷ್ಟು ಹತ್ತಿರದ ಶಾಲೆಗೆ, ನಡಿಗೆಯ ಅಭಿಯಾನಕ್ಕೆ, ನಡೆಯಬೇಕಾದವಳನ್ನು ಕಾರಿನಲ್ಲಿ ತಂದರು! ವೇದಿಕೆಯ ಮೇಲೆ ಅವಳನ್ನು ಕೂರಿಸಿ, ಬಲಗಾಲು ಎಲ್ಲರಿಗೂ ಕಾಣುವ ಹಾಗೆ ಸ್ಟೂಲಿನ ಮೇಲೆ ಇಡಿಸಿದರು. ಚಪ್ಪಲಿ ತೆಗೆಸಿದರು. ಸಾಹೇಬರು ಒಂದು ಸಲ ನೋಡಿ ಮುಖ ತಿರುಗಿಸಿಕೊಂಡರು. ಮಾರಣ್ಣ ಮೈಕು ಹಿಡಿದ.

"ಇವ್ರು ನಮ್ಮೂರ ಪುಟ್ಟಕ್ಕ. ನಡೀರಿ ನಡೀರಿ ಅಂತ ಡಾಕ್ಟ್ರು ಬಡ್ಕಂಡ್ರು. ನಡೀಲಿಲ್ಲ. ಏನಾಯ್ತು? ಬೆರಳು ಹೋದ್ವು! ಇವ್ರನ್ನ ನೋಡಿ ನಾವೆಲ್ಲ ಬುದ್ಧಿ ಕಲೀಬೇಕು."

ಜನ ಚಪ್ಪಾಳೆ ತಟ್ಟಿದರು. ಹೌದು, ತಟ್ಟಿದರು. ಅವಳ ಜೊತೆ ಕಳೆ ತೆಗೆದ ಹೆಂಗಸರೂ, ಎಲ್ಲರೂ ತಟ್ಟಿದರು ಅಂತ, ತಟ್ಟಿದರು. ನಾನು ಎದ್ದು ನಿಂತು "ಸುಳ್ಳು!" ಅಂತ ಕೂಗಿದೆ. ನಮ್ಮ ಮೇಲ್ವಿಚಾರಕಿ ನನ್ನ ಸೆರಗು ಹಿಡಿದು ಜಗ್ಗಿದರು. "ಕುಂತ್ಕಳ್ರಿ ಸುಚಿತ್ರಾ, ಸಾಹೇಬ್ರು ಅವ್ರೆ." ನಾನು ಕೂರಲಿಲ್ಲ.

ಪುಟ್ಟಕ್ಕ ಕೈ ಚಾಚಿದಳು. ಮೈಕು ಕೊಡು ಅಂತ. ಸಾಹೇಬರು "ಕೊಡಿ, ಕೊಡಿ, ಮಾತಾಡ್ಲಿ" ಅಂದರು. ಮಾರಣ್ಣ ಕೊಡಲೇಬೇಕಾಯಿತು.

"ನಂಗೆ ಮಾತಾಡಾಕ್ ಬರಲ್ಲ ಸ್ವಾಮಿ" ಅಂದಳು. ಮೈಕು ಕುಂಯ್ ಅಂತು. "ನಾನು ಈರುಳ್ಳಿ ಹೊಲಕ್ ಹೋಗ್ತಿದ್ದೆ. ಮಗ ಕೂಲಿಗ್ ಹೋಗಬ್ಯಾಡ ಅಂದ. ಹೋಗ್ಲಿಲ್ಲ. ಡಾಕ್ಟ್ರು ನಡಿ ಅಂದ್ರು. ನಡ್ದೆ. ಮಾರಣ್ಣ ಎದುರಿಗ್ ಬರಬ್ಯಾಡ ಅಂದ. ಮಗ ಬೀದಿಗ್ ಇಳೀಬ್ಯಾಡ ಅಂದ. ಇಳೀಲಿಲ್ಲ. ನಾನ್ ಹುಟ್ಟಿದಾಗಿಂದ ಯಾರ್ ಮಾತೂ ಮೀರ್ದೋಳಲ್ಲ." ಸ್ಟೂಲಿನ ಮೇಲಿನ ಪಾದದ ಕಡೆ ಕೈ ತೋರಿಸಿದಳು. "ಈ ಬೆರಳು ಹೋಗಿದ್ದು ಮಾತ್ ಕೇಳಿ. ಮಾತ್ ಕೇಳ್ದೆ ಅಲ್ಲ."

ಮಾರಣ್ಣ ನಗುವಂತೆ ಮಾಡಿ ಮೈಕಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. "ತಡಿ ಮಾರಣ್ಣ. ಉಳಿದಿರೋ ಕಾಲು ನಂದು. ಅದುನ್ನ ಇನ್ನ ಯಾರ್ ಮಾತಿಗೂ ಕೊಡಲ್ಲ" ಅಂದಳು. ಒಲೆ ಹತ್ತಿರ ಜಯಕ್ಕ ಸೌಟು ಹಿಡಿದು ಹಾಗೇ ನಿಂತಿದ್ದಳು. ಪುಟ್ಟಕ್ಕ ಸ್ಟೂಲಿನಿಂದ ಕಾಲು ಇಳಿಸಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಎದ್ದಳು. ನಾನು ಹಿಡಿದುಕೊಳ್ಳಲು ಓಡಿದೆ. ಬೇಡ ಅಂತ ಕೈಸನ್ನೆ ಮಾಡಿದಳು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು, ಅದರ ವೈರು ಹಿಂದೆ ಎಳೆದುಕೊಂಡು ಬರುತ್ತಿತ್ತು.

ವೇದಿಕೆಯ ಮೆಟ್ಟಿಲ ಬುಡದಲ್ಲಿ ನಿರಂಜನ ಬಂದು ನಿಂತಿದ್ದ. ಮುಖ ಕೆಂಪಗಾಗಿತ್ತು. "ಅವ್ವ, ಎಲ್ರೂ ನೋಡ್ತಾವ್ರೆ. ಕಾರ್ ಇಲ್ಲೇ ಐತೆ. ಬಾ, ಕುಂತ್ಕ ಬಾ" ಅಂತ ಪಿಸುಗುಟ್ಟಿದ. ಪಿಸುಗುಟ್ಟಿದ್ದೂ ಮೈಕಿನಲ್ಲಿ ಊರಿಗೆಲ್ಲ ಕೇಳಿತು.

ಪುಟ್ಟಕ್ಕ ಮಗನನ್ನು ನೋಡಿದಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡದ್ದು ಅದೊಂದೇ ಸಲ. "ದಾರಿ ಬಿಡು, ನಿರಂಜನ" ಅಂದಳು.

ಅವನು ಅಲ್ಲಾಡಲಿಲ್ಲ. ಸಾಹೇಬರ ಕಡೆ ನೋಡಿದ, ಮಾರಣ್ಣನ ಕಡೆ ನೋಡಿದ. ಇಬ್ಬರೂ ಬೇರೆಲ್ಲೋ ನೋಡುತ್ತಿದ್ದರು. ಆಮೇಲೆ ಕೆಳಗೆ, ಅವ್ವನ ಪಾದ ನೋಡಿದ. ನೋಡಿ ಪಕ್ಕಕ್ಕೆ ಸರಿದ. ಅಷ್ಟು ಸರಿಯಲು ಅವನಿಗೆ ಹೆತ್ತವಳ ಎರಡು ಬೆರಳು ಬೇಕಾದವು.